ಮೂರೂವರೆ ವರ್ಷದ ಮಗನಿಗೆ ಟಾಯ್ಲೆಟ್ ಅಂದರೆ ಭಯ. ಕನ್ನಡದಲ್ಲಿ ಇದಕ್ಕೊಂದು ಚಿತ್ರಪುಸ್ತಕ ಇದೆಯಾ?

ಪುಟ್ಟನ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗ ಜೂನ್‌ನಿಂದ ಪ್ಲೇಹೋಮ್‌ಗೆ ಹೋಗುತ್ತಿದ್ದಾನೆ. ಮನೆಯಲ್ಲಿ ಕಮೋಡ್ ಇದೆ. ಅದರ ಮೇಲೆ ಚಿಕ್ಕ ಸೀಟ್ ಇಟ್ಟರೆ ಕೂರುತ್ತಾನೆ. ಪ್ಲೇಹೋಮ್‌ನಲ್ಲಿ ಇರುವುದು ಇಂಡಿಯನ್ ಟಾಯ್ಲೆಟ್. ಅದರ ಬಾಗಿಲ ಹತ್ತಿರವೂ ಹೋಗುವುದಿಲ್ಲ. ಒಂಬತ್ತೂವರೆಯಿಂದ ಒಂದು ಗಂಟೆವರೆಗೆ ಕಾಲಿಗೆ ಕಾಲು ಹೆಣೆದುಕೊಂಡು ತಡೆದಿರುತ್ತಾನೆ. ಗೇಟು ದಾಟಿ ಸ್ಕೂಟರ್ ಹತ್ತಿರ ಬರುವಷ್ಟರಲ್ಲಿ ಚಡ್ಡಿ ಒದ್ದೆ. ಅಲ್ಲಿನ ಒಬ್ಬ ಮಿಸ್ "ಇಷ್ಟು ದೊಡ್ಡವನಾಗಿ ನಾಚಿಕೆ ಆಗಲ್ವಾ?" ಅಂದರಂತೆ. ಅವತ್ತಿನಿಂದ ಮನೆಯಲ್ಲೂ ಎರಡಕ್ಕೆ ಕೂರಲು ಹಟ.

ರಾತ್ರಿ ಮಲಗುವಾಗ ಮೆಲ್ಲಗೆ ಕೇಳಿದೆ, "ಅಲ್ಲಿ ಏನಿದೆ ಕಂದಾ?" "ತೂತು ಇದೆ. ಅದು ಕೂಗುತ್ತೆ" ಅಂದ.

ಪುಸ್ತಕ ಅಂದರೆ ಇವನಿಗೆ ಪ್ರಾಣ. ಹಾಗಾಗಿ ಇದೇ ವಿಷಯದ ಎರಡು ಇಂಗ್ಲಿಷ್ ಪುಸ್ತಕ ತರಿಸಿದೆ. ಎರಡರಲ್ಲೂ ಬಿಳಿ ಕಮೋಡ್, ನೆಲದ ಮೇಲೆ ಮೆತ್ತನೆ ಚಾಪೆ, ಗೋಡೆಯಲ್ಲಿ ಪೇಪರ್ ಸುರುಳಿ. ಪೂರ್ತಿ ನೋಡಿ, "ಬಕೆಟ್ ಎಲ್ಲಿ? ಮಗ್ ಎಲ್ಲಿ?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಶಾಲೆಗೆ ಹೋಗುವ ಮೊದಲಿನ ಮಕ್ಕಳ ಇಂಥ ದಿನನಿತ್ಯದ ಕಷ್ಟಗಳ ಬಗ್ಗೆ, ನಮ್ಮ ಮನೆ, ನಮ್ಮ ಬಚ್ಚಲು ಕಾಣುವ ಕನ್ನಡ ಚಿತ್ರಪುಸ್ತಕ ಯಾರಾದರೂ ನೋಡಿದ್ದೀರಾ? ದಯವಿಟ್ಟು ಹೇಳಿ.

ಹಾಸನದ ಹುಡುಗಿ

ಅಯ್ಯೋ ಪಾಪ. ನನ್ನ ಮಗಳದ್ದು ಕಟಿಂಗ್ ಶಾಪ್ ಭಯ. ಮೆಷಿನ್ ಸದ್ದು ಕೇಳಿದರೆ ಸಾಕು, ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತಾಳೆ. ಅದಕ್ಕೂ ಪುಸ್ತಕ ಇದ್ದರೆ ಹೇಳಿ.

ಕರಾವಳಿ ಅಜ್ಜ

ತಂಗಿ, ಬೇಸರ ಮಾಡಿಕೊಳ್ಳಬೇಡಿ. ನಾವು ಐದು ಮಕ್ಕಳನ್ನು ಬೆಳೆಸಿದೆವು. ಒಂದಕ್ಕೆ ಎರಡಕ್ಕೆ ಪುಸ್ತಕ ತೋರಿಸಲಿಲ್ಲ. ದೊಡ್ಡವರ ಜೊತೆ ಹೋಗಿ, ನೋಡಿ ಕಲಿತರು. ಭಯಪಟ್ಟರೆ ಅಜ್ಜಿ ರಾತ್ರಿ ಕಥೆ ಕಟ್ಟಿ ಹೇಳುತ್ತಿದ್ದಳು. ಬಾಯಿಮಾತಿನ ಕಥೆಯನ್ನು ಆ ಮಗುವಿಗೆ ಬೇಕಾದ ಹಾಗೆ ತಿರುಗಿಸಬಹುದು. ಅಚ್ಚಾದ ಪುಸ್ತಕ ಎಲ್ಲರಿಗೂ ಒಂದೇ. ಪುಸ್ತಕ ಹುಡುಕುವುದನ್ನು ಬಿಟ್ಟು ನೀವೇ ಕಥೆ ಹೇಳಿ.

ಧಾರವಾಡದ ಪೇಡೆ

ಅಜ್ಜಾರ, ನೀವು ಹೇಳುವುದು ಖರೆ. ಆದರೆ ಈಗ ಎಷ್ಟು ಮನೆಯಲ್ಲಿ ಅಜ್ಜಿ ಇದ್ದಾರೆ ಹೇಳಿ? ಮಗು ಬೆಳಿಗ್ಗೆ ಎಂಟಕ್ಕೆ ಹೊರಟರೆ ಅಪ್ಪ ಅಮ್ಮನ ಮುಖ ಮತ್ತೆ ನೋಡುವುದು ಸಂಜೆ ಆರಕ್ಕೆ.

ಮಕ್ಕಳ ವೈದ್ಯೆ

ಪುಸ್ತಕಕ್ಕೆ ಮೊದಲು ಒಂದು ಮಾತು. ಎರಡಕ್ಕೆ ಹಟ ಶುರುವಾಗಿ ಎಷ್ಟು ದಿನ ಆಯಿತು? ಮಲ ಗಟ್ಟಿಯಾಗಿದೆಯಾ? ಒಂದು ಸಲ ನೋವಾದರೆ ಮಗು ತಡೆಯಲು ಶುರು ಮಾಡುತ್ತದೆ. ತಡೆದಷ್ಟೂ ಮಲ ಒಣಗಿ ಇನ್ನೂ ಗಟ್ಟಿ. ಮುಂದಿನ ಸಲ ನೋವು ಇನ್ನೂ ಜಾಸ್ತಿ. ಈ ಸುತ್ತು ಒಮ್ಮೆ ಶುರುವಾದರೆ ಬರೀ ಕಥೆಯಿಂದ ನಿಲ್ಲುವುದಿಲ್ಲ. ನಿಮ್ಮ ಡಾಕ್ಟರಿಗೆ ತೋರಿಸಿ, ಮಲ ಮೆತ್ತಗಾಗಲು ಔಷಧಿ ಬೇಕಾಗಬಹುದು. ಒಂದಕ್ಕೆ ಹೋಗುವಾಗ ಉರಿ ಇದೆಯಾ ಅಂತಲೂ ಕೇಳಿ. ಗಂಟೆಗಟ್ಟಲೆ ತಡೆಯುವ ಮಕ್ಕಳಿಗೆ ಮೂತ್ರದ ಸೋಂಕು ಆಗುವುದುಂಟು.

"ಅದು ಕೂಗುತ್ತೆ" ಅನ್ನುವುದನ್ನು ಮಾತ್ರ ಸುಳ್ಳು ಅನ್ನಬೇಡಿ. ಪಿಯಾಜೆ ಅನ್ನುವ ಮನೋವಿಜ್ಞಾನಿ 2ರಿಂದ 7 ವರ್ಷದ ಮಕ್ಕಳ ಯೋಚನೆಯ ರೀತಿಯನ್ನು ಬೇರೆಯದೇ ಒಂದು ಹಂತ ಅಂತ ಗುರುತಿಸಿದ್ದರು. ಈ ವಯಸ್ಸಿನಲ್ಲಿ ಅಲುಗಾಡುವ, ಸದ್ದು ಮಾಡುವ ವಸ್ತುವಿಗೆಲ್ಲ ಜೀವ ಇದೆ ಅಂತ ಮಕ್ಕಳಿಗೆ ಅನ್ನಿಸುತ್ತದೆ. ಫ್ಲಶ್ ಮಾಡಿದಾಗ ಎಲ್ಲವೂ ತೂತಿನೊಳಗೆ ಮಾಯವಾಗುತ್ತದೆ. ನಾನೂ ಹೋಗಿಬಿಟ್ಟರೆ ಅಂತ ಮಗುವಿಗೆ ಅನ್ನಿಸುವುದು ತೀರಾ ಸಹಜ.

ಪುಟ್ಟನ ಅಮ್ಮ

ಡಾಕ್ಟರ್ ಮೇಡಂ, ತುಂಬಾ ಥ್ಯಾಂಕ್ಸ್. ಎಂಟು ದಿನ ಆಯಿತು, ಗಟ್ಟಿಯಾಗಿದೆ. ನಾಳೆಯೇ ತೋರಿಸುತ್ತೇನೆ.

ಅವಳಿ ಅಪ್ಪ

ಕನ್ನಡದಲ್ಲಿ ಮಕ್ಕಳ ಪುಸ್ತಕ ಇಲ್ಲವೇ ಇಲ್ಲ ಅಂತ ಅಲ್ಲ. ಚೆನ್ನೈನ ತೂಲಿಕಾ 1996ರಿಂದ ಮಕ್ಕಳ ಪುಸ್ತಕ ಮಾಡುತ್ತಿದೆ, ಕನ್ನಡದಲ್ಲೂ ತರುತ್ತದೆ, ಇಂಗ್ಲಿಷ್ ಕನ್ನಡ ಎರಡೂ ಒಂದೇ ಪುಟದಲ್ಲಿರುವ ಪುಸ್ತಕಗಳೂ ಇವೆ. ಪ್ರಥಮ್ ಬುಕ್ಸ್ ಇದೆ, ನವಕರ್ನಾಟಕ ಇದೆ, ನ್ಯಾಷನಲ್ ಬುಕ್ ಟ್ರಸ್ಟ್ ಇದೆ. ಆದರೆ ಅಂಗಡಿಗೆ ಹೋಗಿ "ಮೂರು ವರ್ಷದ ಮಗುವಿಗೆ ಕೊಡಿ" ಅಂದರೆ ಕೈಗೆ ಬರುವುದು ಅಆಇಈ, ಹಣ್ಣು ತರಕಾರಿ, ಇಲ್ಲವೇ ನೀತಿ ಕಥೆ.

ನನಗೆ ಸಿಟ್ಟು ಬರುವುದು ಈ ನೀತಿಯ ಮೇಲೆ. ನನ್ನ ಅವಳಿಗಳಿಗೆ ಹಂಚಿಕೊಳ್ಳುವುದರ ಬಗ್ಗೆ ಒಂದು ಪುಸ್ತಕ ತಂದೆ. ಅದರಲ್ಲಿ ಮೊಲದ ಮರಿ ಕ್ಯಾರೆಟ್ ಕೊಡುವುದಿಲ್ಲ, ಒಂಟಿಯಾಗುತ್ತದೆ, ಬುದ್ಧಿ ಬರುತ್ತದೆ, ಕೊನೆಗೆ ಎಲ್ಲರೂ ಕುಣಿಯುತ್ತಾರೆ. ಮಗಳು ಕೇಳಿದಳು, "ಅಪ್ಪಾ, ಅದಕ್ಕೆ ಕ್ಯಾರೆಟ್ ವಾಪಸ್ ಸಿಗ್ತಾ?" ಅವಳ ಇಡೀ ಸಂಕಟ ಆ ಪ್ರಶ್ನೆಯಲ್ಲಿತ್ತು. ಪುಸ್ತಕ ಅದಕ್ಕೆ ಬಾಯೇ ಬಿಡಲಿಲ್ಲ.

ಇನ್ನೊಂದು. ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದವರು 2017ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ದರು. 4ರಿಂದ 6 ವರ್ಷದ ಮಕ್ಕಳಿಗೆ ಹಂಚಿಕೊಳ್ಳುವ ಕಥೆ ಓದಿದರು. ಕೆಲವರಿಗೆ ಮನುಷ್ಯರ ಪಾತ್ರ, ಕೆಲವರಿಗೆ ಬಟ್ಟೆ ಹಾಕಿದ ಪ್ರಾಣಿಗಳ ಪಾತ್ರ. ಆಮೇಲೆ ಸ್ಟಿಕರ್ ಹಂಚಲು ಹೇಳಿದಾಗ, ಮನುಷ್ಯರ ಕಥೆ ಕೇಳಿದ ಮಕ್ಕಳು ಮೊದಲಿಗಿಂತ ಜಾಸ್ತಿ ಕೊಟ್ಟರು. ಪ್ರಾಣಿ ಕಥೆ ಕೇಳಿದವರಲ್ಲಿ ಆ ಹೆಚ್ಚಳ ಇರಲಿಲ್ಲ. ಹಾಗಾಗಿ ಮೊಲ, ಕರಡಿ ಬಿಟ್ಟು ಮಕ್ಕಳನ್ನೇ ಬರೆಯಿರಿ ಅಂತ ನನ್ನ ವಾದ.

ಹಾಸನದ ಹುಡುಗಿ

ಅವಳಿ ಅಪ್ಪ ಅವರೇ, ಹಂಚಿಕೊಳ್ಳುವುದಕ್ಕೆ ಅದು ಸರಿ ಇರಬಹುದು. ಭಯದ ವಿಷಯ ಬೇರೆ ಅಲ್ವಾ? ನನ್ನ ಮಗಳು ಅಳುವ ಹುಡುಗಿಯ ಚಿತ್ರ ನೋಡಿದರೆ ತಾನೂ ಅಳುತ್ತಾಳೆ. ಅಳುವ ಆನೆಮರಿ ಆದರೆ ಅದರ ಬೆನ್ನು ಸವರುತ್ತಾಳೆ. ಸ್ವಲ್ಪ ದೂರ ಇದ್ದರೆ ನೋಡಲು ಧೈರ್ಯ ಬರುತ್ತದೆ.

ಗೆರೆ ಬಣ್ಣ

ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವುದೇ ನನ್ನ ಕೆಲಸ. ಪ್ರಾಣಿಯೋ ಮನುಷ್ಯನೋ ಎಂಬುದಕ್ಕಿಂತ, ಮಗುವಿನ ಕಣ್ಣಿನ ಎತ್ತರದಿಂದ ಬರೆದಿದ್ದೀವಾ ಅನ್ನುವುದು ನನಗೆ ದೊಡ್ಡದು. ನಾವು ನಿಂತು ನೋಡಿದರೆ ಇಂಡಿಯನ್ ಟಾಯ್ಲೆಟ್ ಒಂದು ಚಿಕ್ಕ ಗುಳಿ. ಮೂರೂವರೆ ವರ್ಷದವನ ಎತ್ತರಕ್ಕೆ ಕೂತು ನೋಡಿ. ಪಾದ ಇಡುವ ಎರಡು ಜಾಗದ ನಡುವೆ ಎಷ್ಟು ಅಂತರ! ಅವನ ಕಾಲು ಅಷ್ಟು ಅಗಲ ಹೋಗುವುದೇ ಕಷ್ಟ. ನೆಲ ಒದ್ದೆ, ಜಾರುತ್ತದೆ. ಹಿಡಿದುಕೊಳ್ಳಲು ಏನೂ ಇಲ್ಲ. ಆ ಭಯದಲ್ಲಿ ಅರ್ಧ ಕಲ್ಪನೆ, ಅರ್ಧ ನಿಜ.

ಅಜ್ಜಾ, ನಿಮ್ಮ ಮಾತಿಗೂ ಒಂದು ಉತ್ತರ. ಬಾಯಿಕಥೆ ಹೇಳುವವರ ಕೈಯಲ್ಲಿರುತ್ತದೆ. ಪುಸ್ತಕ ಮಗುವಿನ ಕೈಯಲ್ಲಿರುತ್ತದೆ. ಭಯ ಆದರೆ ಅವನೇ ಮುಚ್ಚಬಹುದು. ಧೈರ್ಯ ಬಂದಾಗ ಅವನೇ ಆ ಪುಟ ತೆಗೆಯಬಹುದು, ಯಾರನ್ನೂ ಕೇಳದೆ.

ಕರಾವಳಿ ಅಜ್ಜ

ಈ ಮಾತು ನನಗೆ ಹೊಳೆದಿರಲಿಲ್ಲ. ನನ್ನ ಮೊಮ್ಮಗಳು ಒಂದು ಪುಸ್ತಕದಲ್ಲಿ ಗುಡುಗು ಮಳೆಯ ಪುಟ ಬಂದರೆ ಎರಡು ಹಾಳೆ ಒಟ್ಟಿಗೆ ಹಿಡಿದು ತಿರುಗಿಸುತ್ತಿದ್ದಳು. ನಾನು "ಒಂದು ಪುಟ ಬಿಟ್ಟೆ ನೋಡು" ಅಂತ ಪ್ರತಿ ಸಲ ತಿದ್ದುತ್ತಿದ್ದೆ. ಒಂದು ದಿನ ಮಧ್ಯಾಹ್ನ ಕಿಟಕಿ ಹತ್ತಿರ ಒಬ್ಬಳೇ ಕೂತು ಆ ಪುಟವನ್ನೇ ತೆಗೆದಿಟ್ಟುಕೊಂಡು, ಮಿಂಚಿನ ಗೆರೆಯ ಮೇಲೆ ಬೆರಳು ಎಳೆಯುತ್ತಿದ್ದಳು. ನನ್ನನ್ನು ನೋಡಿ ಪುಸ್ತಕ ಮುಚ್ಚಿದಳು. ತಿದ್ದಿದ್ದು ತಪ್ಪು ಅಂತ ಈಗ ಅನ್ನಿಸುತ್ತಿದೆ.

ಅಂಗನವಾಡಿ ಟೀಚರ್

ನಮಸ್ಕಾರ ರೀ. ಕೊಪ್ಪಳದ ಕಡೆ ಹತ್ತೊಂಬತ್ತು ವರ್ಷದಿಂದ ಅಂಗನವಾಡಿಯಲ್ಲಿದ್ದೇನೆ. 3ರಿಂದ 6 ವರ್ಷದ ಇಪ್ಪತ್ತೆರಡು ಮಕ್ಕಳು. ನಮ್ಮ ಕೇಂದ್ರದಲ್ಲಿ ಹಣ್ಣಿನ ಚಾರ್ಟ್ ಇದೆ, ಪ್ರಾಣಿ ಚಾರ್ಟ್ ಇದೆ, ಅಕ್ಷರದ ಚಾರ್ಟ್ ಇದೆ. ಮೊದಲ ದಿನ ಅವ್ವನ ಸೆರಗು ಬಿಡದ ಮಗುವಿಗೆ ತೋರಿಸಲು ಒಂದು ಪುಸ್ತಕ ಇಲ್ಲ. ಜೂನ್ ತಿಂಗಳಲ್ಲಿ ಅಂಥ ಆರೇಳು ಮಕ್ಕಳು ಬಾಗಿಲಲ್ಲೇ ಕೂತು ಅಳುತ್ತಿರುತ್ತವೆ.

ಟಾಯ್ಲೆಟ್ ವಿಷಯಕ್ಕೆ ನಾನು ಮಾಡುವುದು ಹೇಳುತ್ತೇನೆ. ಮೊದಲ ವಾರ ಕೂರು ಅನ್ನುವುದೇ ಇಲ್ಲ. ಇಬ್ಬಿಬ್ಬರನ್ನು ಕರೆದುಕೊಂಡು ಹೋಗಿ ಚಂಬು ಕೈಗೆ ಕೊಟ್ಟು "ನೀರು ಹಾಕು" ಅನ್ನುತ್ತೇನೆ. ಅಷ್ಟೇ. ಮಕ್ಕಳಿಗೆ ನೀರು ಹಾಕುವುದು ಆಟ. ನೀರು ತಾನೇ ಹಾಕಿದಾಗ ಸದ್ದು ತನ್ನ ಕೈಯಿಂದ ಬಂತು ಅಂತ ತಿಳಿಯುತ್ತದೆ. ಎರಡನೇ ವಾರ ಕೈ ಹಿಡಿದು ಕೂರಿಸುತ್ತೇನೆ. "ನಾಚಿಕೆ ಆಗಲ್ವಾ" ಅನ್ನುವ ಮಾತು ಬಂತೋ, ಎಲ್ಲ ಕೆಟ್ಟಿತು. ಆ ಮಿಸ್ ಹತ್ತಿರ ನೀವು ಮಾತಾಡಬೇಕು, ಬಿಡಬೇಡಿ.

ಧಾರವಾಡದ ಪೇಡೆ

ಟೀಚರ್ ಹೇಳಿದ್ದೇ ಒಂದು ಪುಸ್ತಕದ ಕಥೆ ಆಯಿತಲ್ಲ! ಚಂಬು, ನೀರು, ಸದ್ದು. ಇದಕ್ಕಿಂತ ಬೇರೆ ಏನು ಬೇಕು?

ಇನ್ನು ಭಾಷೆ ವಿಷಯ. ಮಕ್ಕಳ ಪುಸ್ತಕದಲ್ಲಿ "ಬಾಲಕನು ರೋದಿಸಿದನು" ಅಂತ ಬರೆಯುವವರು ಇನ್ನೂ ಇದ್ದಾರೆ. ನನ್ನ ಮಗ "ರೋದಿಸು ಅಂದ್ರ ಏನು?" ಅಂದ. ಅಳೋದಪ್ಪಾ ಅಂದೆ. "ಹಂಗಾದ್ರ ಅತ್ತ ಅಂತ ಯಾಕ ಬರದಿಲ್ಲ?" ಅಂದ. ನಾಲ್ಕು ವರ್ಷದವನ ಪ್ರಶ್ನೆ ಇದು. ಮತ್ತೆ ಈ ವಿಷಯದ ಪುಸ್ತಕಕ್ಕೆ ಯಾವ ಪದ ಹಾಕುತ್ತೀರಿ? "ಮೂತ್ರ ವಿಸರ್ಜನೆ" ಅಂತ ಯಾವ ಮಗುವೂ ಹೇಳುವುದಿಲ್ಲ. ನಮ್ಮ ಕಡೆ ಉಚ್ಚಿ ಅಂತೀವಿ.

ಹಾಸನದ ಹುಡುಗಿ

ನಮ್ಮ ಮನೆಯಲ್ಲಿ ಸುಸ್ಸು. ಉಚ್ಚೆ ಅಂದರೆ ನಮ್ಮ ಅತ್ತೆ ಗದರುತ್ತಾರೆ, ಒರಟು ಮಾತು ಅಂತ.

ಅಂಗನವಾಡಿ ಟೀಚರ್

ಅದು ಒರಟು ಅಲ್ಲರೀ, ನಮ್ಮ ಮಕ್ಕಳಿಗೆ ಅದೇ ಮಾತು. ಹೊಸ ಟೀಚರ್ ಒಬ್ಬರು ಬೇರೆ ಊರಿಂದ ಬಂದಿದ್ದರು. ಮಗು "ಉಚ್ಚಿ ಬಂತ್ರಿ" ಅಂದರೆ "ಹಾಗನ್ನಬಾರದು" ಅಂತ ತಿದ್ದುತ್ತಾ ನಿಂತರು. ಅಷ್ಟರಲ್ಲಿ ಕೆಲಸ ಆಗಿಹೋಯಿತು. ಪುಸ್ತಕದಲ್ಲಿ "ಒಂದಕ್ಕೆ" ಅಂತ ಅಚ್ಚು ಹಾಕಿ, ಓದುವವರು ತಮ್ಮ ಮನೆ ಮಾತು ಸೇರಿಸಿಕೊಳ್ಳಲಿ.

ಅವಳಿ ಅಪ್ಪ

ಅಥವಾ ಆ ಪುಟದಲ್ಲಿ ಪದವೇ ಬೇಡ. ಬರೀ ಚಿತ್ರ.

ನ್ಯೂಜೆರ್ಸಿ ಕನ್ನಡತಿ

ಇಲ್ಲಿಂದ ಒಂದು ಅನುಭವ. ನಮ್ಮ ಊರಿನ ಲೈಬ್ರರಿಯಲ್ಲಿ ಚಿಕ್ಕ ಮಕ್ಕಳ ವಿಭಾಗದಲ್ಲಿ ವಿಷಯದ ಪ್ರಕಾರವೇ ಕಪಾಟು ಇದೆ. ಡೈಪರ್ ಬಿಡಿಸುವುದು, ಹೊಸ ಪಾಪು, ಹಲ್ಲಿನ ಡಾಕ್ಟರ್, ಕತ್ತಲ ಭಯ, ಅಜ್ಜ ತೀರಿಕೊಂಡಿದ್ದು, ಎಲ್ಲಕ್ಕೂ ಒಂದೊಂದು ಸಾಲು. ಆದರೆ ನನ್ನ ಮಗಳ ಕಷ್ಟಕ್ಕೆ ಅಲ್ಲೂ ಪುಸ್ತಕ ಸಿಗಲಿಲ್ಲ. ಮನೆಯಲ್ಲಿ ಬರೀ ಕನ್ನಡ ಮಾತಾಡುತ್ತಿದ್ದೆವು. ಎರಡೂವರೆ ವರ್ಷಕ್ಕೆ ಡೇಕೇರ್‌ಗೆ ಬಿಟ್ಟೆವು. ಅಲ್ಲಿ "ನೀರು" ಅಂದರೆ ಯಾರಿಗೂ ಅರ್ಥ ಆಗಲಿಲ್ಲ. ಸಂಜೆ ಕರೆತರಲು ಹೋದಾಗ ತುಟಿ ಒಣಗಿತ್ತು. ಕಾರಿನಲ್ಲಿ ಬಾಟಲಿ ಪೂರ್ತಿ ಕುಡಿದಳು. ನನಗೆ ಅಳು ತಡೆಯಲು ಆಗಲಿಲ್ಲ.

ಅವತ್ತು ರಾತ್ರಿ ಒಂಬತ್ತು ಫೋಟೊ ಪ್ರಿಂಟ್ ಹಾಕಿದೆ. ಅವಳ ಲೋಟ, ಅವಳ ಚಪ್ಪಲಿ, ಅವಳ ಹೊದಿಕೆ. ಕೆಳಗೆ ಕನ್ನಡದ ಮಾತು, ಅದರ ಕೆಳಗೆ ಇಂಗ್ಲಿಷ್ ಮಾತು, ಎರಡೂ. ಒಂದು ಪ್ರತಿ ಮನೆಗೆ, ಒಂದು ಪ್ರತಿ ಡೇಕೇರ್‌ಗೆ. ಲೋಟದ ಪುಟ ಮೊದಲು ಹರಿಯಿತು, ಅಷ್ಟು ಸಲ ತೋರಿಸಿದ್ದಳು. ಪುಟ್ಟನ ಅಮ್ಮ ಅವರೇ, ನೀವೇ ಮಾಡಿ. ಯಾರೋ ಮಾಡಿದ್ದನ್ನು ಕಾಯಬೇಡಿ.

ಹಳ್ಳಿ ಗ್ರಂಥಾಲಯ

ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. 2020ರಲ್ಲಿ ಗ್ರಂಥಾಲಯಕ್ಕೆ ಮಕ್ಕಳನ್ನು ಕರೆತರುವ ಸರ್ಕಾರದ ಓದುವ ಬೆಳಕು ಕಾರ್ಯಕ್ರಮ ಶುರುವಾದ ಮೇಲೆ ಮಕ್ಕಳು ಬರುವುದು ಜಾಸ್ತಿ ಆಯಿತು. ಅಣ್ಣ ಅಕ್ಕನ ಹಿಂದೆ ಮೂರು ನಾಲ್ಕು ವರ್ಷದವೂ ಬರುತ್ತವೆ. ಕಪಾಟಿನಲ್ಲಿ ಬೆನ್ನು ಕಾಣುವ ಹಾಗೆ ಜೋಡಿಸಿದ ಪುಸ್ತಕವನ್ನು ಅವು ಮುಟ್ಟುವುದಿಲ್ಲ. ಓದಲು ಬಾರದವರಿಗೆ ಬೆನ್ನಿನ ಮೇಲಿನ ಹೆಸರು ಏನು ಮಾಡೀತು? ಅವರ ಎದೆಯ ಮಟ್ಟಕ್ಕೆ ದಾರ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ಮುಖಪುಟ ಕಾಣುವಂತೆ ನೇತು ಹಾಕಿದೆ. ಒಂದೇ ವಾರದಲ್ಲಿ ಎಲ್ಲ ಕೆಳಗಿಳಿದವು.

ಸ್ಟೋರಿವೀವರ್ ಅಂತ ಪ್ರಥಮ್ ಬುಕ್ಸ್‌ನವರ ತಾಣ ಇದೆ, 2015ರಲ್ಲಿ ಶುರುವಾಗಿದ್ದು. ಕನ್ನಡದ ಕಥೆಗಳೂ ಇವೆ. ಪುಕ್ಕಟೆ ಇಳಿಸಿಕೊಳ್ಳಬಹುದು, ಪ್ರಿಂಟ್ ಹಾಕಬಹುದು. ಬೇರೆ ಭಾಷೆಯ ಕಥೆಯನ್ನು ನೀವೇ ಕನ್ನಡಕ್ಕೆ ತಂದು ಅಲ್ಲೇ ಹಾಕಬಹುದು. ಮುಕ್ತ ಪರವಾನಗಿ, ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಮೊದಲ ಹಂತದ ಪುಸ್ತಕಗಳಲ್ಲಿ ಪುಟಕ್ಕೆ ಒಂದೆರಡು ಸಾಲು, ನಿಮ್ಮ ಮಗನ ವಯಸ್ಸಿಗೆ ಅದೇ ಸರಿ.

ಹಾಸನದ ಹುಡುಗಿ

ಒಂದೇ ಪುಸ್ತಕವನ್ನು ದಿನಾ ಹತ್ತು ಸಲ ಓದಿಸುತ್ತಾಳೆ ನನ್ನ ಮಗಳು. ಬೇರೆ ತೆಗೆದರೆ ಸಿಟ್ಟು. ಇದು ಸರೀನಾ?

ಅವಳಿ ಅಪ್ಪ

ಸರಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2011ರಲ್ಲಿ ಮೂರು ವರ್ಷದ ಮಕ್ಕಳ ಮೇಲೆ ನೋಡಿದ್ದಾರೆ. ಅದೇ ಕಥೆಯನ್ನು ಮತ್ತೆ ಮತ್ತೆ ಕೇಳಿದವರು ಹೊಸ ಪದಗಳನ್ನು ಜಾಸ್ತಿ ಕಲಿತರು. ಬೇರೆ ಬೇರೆ ಕಥೆಗಳಲ್ಲಿ ಅಷ್ಟೇ ಸಲ ಅದೇ ಪದ ಕೇಳಿದವರು ಅಷ್ಟು ಕಲಿಯಲಿಲ್ಲ. ಓದಿ ಓದಿ ನಿಮಗೆ ಬೇಜಾರಾಗಬಹುದು, ಅವಳಿಗೆ ಆಗಿಲ್ಲ.

ಮಕ್ಕಳ ವೈದ್ಯೆ

ಇಂಜೆಕ್ಷನ್ ಪುಸ್ತಕಗಳ ಬಗ್ಗೆ ಒಂದು ದೂರು ಇದೆ, ಇಲ್ಲೇ ಹೇಳಿಬಿಡುತ್ತೇನೆ. "ಒಂಚೂರೂ ನೋವಾಗಲಿಲ್ಲ" ಅಂತ ಮುಗಿಸುವ ಪುಸ್ತಕ ಓದಬೇಡಿ. 5ರಿಂದ 6 ವರ್ಷದೊಳಗೆ ಡಿಪಿಟಿ ಲಸಿಕೆಯ ಎರಡನೇ ಬೂಸ್ಟರ್ ಇರುತ್ತದೆ. ಅಷ್ಟು ಹೊತ್ತಿಗೆ ಮಗುವಿಗೆ ಎಲ್ಲ ನೆನಪಿರುತ್ತದೆ. ನೋವಾಗುತ್ತದೆ. ಆಗ ಸುಳ್ಳು ಹೇಳಿದ್ದು ಪುಸ್ತಕವೂ ಹೌದು, ಅಮ್ಮನೂ ಹೌದು. "ಚುಚ್ಚುತ್ತೆ, ಹತ್ತು ಎಣಿಸುವಷ್ಟರಲ್ಲಿ ಮುಗಿಯುತ್ತೆ, ನಾನು ಕೈ ಹಿಡಿದಿರ್ತೀನಿ" ಅನ್ನಿ, ಸಾಕು. ಮತ್ತೆ ದಯವಿಟ್ಟು "ಊಟ ಮಾಡದಿದ್ರೆ ಡಾಕ್ಟರ್ ಸೂಜಿ ಚುಚ್ತಾರೆ" ಅಂತ ಹೆದರಿಸಬೇಡಿ. ಗುಮ್ಮನ ಜಾಗದಲ್ಲಿ ನನ್ನನ್ನು ಕೂರಿಸಿದರೆ ಆ ಮಗುವನ್ನು ನಾನು ಮುಟ್ಟುವುದು ಹೇಗೆ?

ಕರಾವಳಿ ಅಜ್ಜ

ಇದನ್ನು ನಾವೆಲ್ಲ ಮಾಡಿದ್ದೇವೆ ಅಮ್ಮಾ. ಇನ್ನು ಮಾಡುವುದಿಲ್ಲ.

ಗೆರೆ ಬಣ್ಣ

ಮನೆಯಲ್ಲೇ ಮಾಡುವುದಾದರೆ ಹೀಗೆ ಮಾಡಿ. ನಾಲ್ಕು ಎ4 ಹಾಳೆ ಒಂದರ ಮೇಲೊಂದು ಇಟ್ಟು ನಡುವೆ ಮಡಚಿದರೆ 16 ಪುಟ. ಮಡಿಕೆಯಲ್ಲಿ ಎರಡು ಪಿನ್ ಹೊಡೆಯಿರಿ, ಪಿನ್ನಿನ ಮೊನೆಯ ಮೇಲೆ ಟೇಪ್ ಅಂಟಿಸಿ, ಬೆರಳಿಗೆ ಚುಚ್ಚಬಾರದು. ಹೊರ ಹಾಳೆ ದಪ್ಪ ಇರಲಿ.

ಬಾಗಿಲಿನಿಂದ ಶುರು ಮಾಡಿ, ತೂತಿನಿಂದ ಬೇಡ. ಆ ಬಾಗಿಲಿನ ಬಣ್ಣ ಯಾವುದಿದೆಯೋ ಅದೇ ಇರಲಿ. ಒಂದು ಪುಟದಲ್ಲಿ ಬಕೆಟ್, ಒಂದರಲ್ಲಿ ಮಗ್. ನಡುವಿನ ಜೋಡಿ ಪುಟದಲ್ಲಿ ಗೋಡೆ ಸೀಳಿದ ಹಾಗೆ ಪೈಪ್ ತೋರಿಸಿ. ನೀರು ಎಲ್ಲಿಗೆ ಹೋಗುತ್ತದೆ ಅಂತ ಅವನೇ ಬೆರಳಲ್ಲಿ ಹಿಂಬಾಲಿಸಲಿ. ಆ ಪೈಪಿನಲ್ಲಿ ಮಗು ಹಿಡಿಸುವುದಿಲ್ಲ ಅಂತ ಕಣ್ಣಿಗೆ ಕಾಣಬೇಕು, ಬಾಯಲ್ಲಿ ಹೇಳಬೇಡಿ. ಕೊನೆ ಪುಟದಲ್ಲಿ ಚಪ್ಪಾಳೆ, ಸ್ಟಾರ್, ಜಾಣ ಅನ್ನುವುದು ಬೇಡವೇ ಬೇಡ. ಅವನಿಗೆ ಆಗದಿದ್ದ ದಿನ ಆ ಪುಟ ಅವನನ್ನೇ ಬೈದ ಹಾಗಿರುತ್ತದೆ. ಕೈ ತೊಳೆದು ಬಿಸ್ಕೆಟ್ ತಿನ್ನಲು ಹೋದ, ಅಷ್ಟೇ.

ಚಡ್ಡಿ ಒದ್ದೆಯಾದ ಹೊತ್ತಿನಲ್ಲಿ ಪುಸ್ತಕ ತೆಗೆಯಬೇಡಿ. ಹೊಟ್ಟೆ ತುಂಬಿ ಖುಷಿಯಾಗಿರುವಾಗ ಓದಿ.

ಪುಟ್ಟನ ಅಮ್ಮ

ಎರಡು ವಾರ ಆಯಿತು. ಆಗಿದ್ದನ್ನು ಹೇಳಲು ಬಂದೆ.

ಡಾಕ್ಟರ್ ಸಿರಪ್ ಕೊಟ್ಟರು, ಮಲ ಮೆತ್ತಗಾಗಿದೆ. ಮನೆಯಲ್ಲಿ ಎರಡಕ್ಕೆ ಹಟ ಕಡಿಮೆ ಆಯಿತು. ಪ್ಲೇಹೋಮ್‌ನವರ ಹತ್ತಿರ ಮಾತಾಡಿದೆ. ಮೊದಲು ಮುಖ ಗಂಟಿಕ್ಕಿದರು, ಆಮೇಲೆ ಶನಿವಾರ ಮಧ್ಯಾಹ್ನ ಮಕ್ಕಳಿಲ್ಲದಾಗ ಫೋಟೊ ತೆಗೆಯಲು ಬಿಟ್ಟರು. ಬಾಗಿಲು ನೀಲಿ. ಬಕೆಟ್ ಹಸಿರು, ಕಿವಿ ಮುರಿದಿದೆ. ಮಗ್ ಗುಲಾಬಿ. ಅಲ್ಲಿನ ಆಯಾ ತಾವೇ ಬಂದು ಮಗ್ ಹಿಡಿದು ನಿಂತರು. ಪೈಪಿನ ಪುಟ ಮಾತ್ರ ನಾನು ಕ್ರೇಯಾನ್‌ನಲ್ಲಿ ಬರೆದೆ. ಪುಟಕ್ಕೆ ಒಂದೇ ಸಾಲು. ಪದ "ಸುಸ್ಸು" ಅಂತಲೇ ಹಾಕಿದೆ, ಅವನ ಮಾತು ಅದು.

ಮೊದಲ ದಿನ ನೋಡಿ "ಆಯಾ ಆಂಟಿ!" ಅಂತ ಕೂಗಿದ. ಮುರಿದ ಕಿವಿಯ ಬಕೆಟ್ ನೋಡಿ "ಇದು ನಮ್ಮದು" ಅಂದ. ತೂತಿನ ಪುಟ ಬಂದಾಗ ಅಂಗೈ ಇಟ್ಟು ಮುಚ್ಚಿದ. ನಾನು ಏನೂ ಅನ್ನಲಿಲ್ಲ, ಅಜ್ಜ ಹೇಳಿದ್ದು ನೆನಪಿತ್ತು. ಮೂರು ದಿನ ಹಾಗೇ ಮುಚ್ಚಿದ. ನಾಲ್ಕನೇ ದಿನ ಎರಡು ಬೆರಳು ಬಿಡಿಸಿ ಸಂದಿಯಲ್ಲಿ ನೋಡಿದ.

ಪ್ಲೇಹೋಮ್‌ನಲ್ಲಿ ಒಂದು ವಾರ ಬರೀ ನೀರು ಹಾಕಿದ್ದಾನೆ. ಟೀಚರ್ ಹೇಳಿದ ಹಾಗೇ ಆಯಾಗೆ ಹೇಳಿದ್ದೆ. ಈ ಸೋಮವಾರ ಅವರ ಸೆರಗು ಹಿಡಿದುಕೊಂಡು ಒಂದಕ್ಕೆ ಕೂತನಂತೆ. ಮಂಗಳವಾರ ಕೂರಲಿಲ್ಲ, ಚಡ್ಡಿ ಒದ್ದೆ. ಬುಧವಾರ ಮತ್ತೆ ಕೂತ. ಎರಡಕ್ಕೆ ಇನ್ನೂ ಮನೆಯಲ್ಲೇ. ಇರಲಿ.

ಆ ಮಿಸ್ ನಿನ್ನೆ ಗೇಟಿನ ಹತ್ತಿರ ಬಂದು "ಪುಸ್ತಕ ಎರಡು ದಿನ ಇಲ್ಲೇ ಇಡ್ತೀರಾ? ಇನ್ನೊಂದು ಮಗುವೂ ಹೀಗೇ ಮಾಡ್ತಾಳೆ" ಅಂದರು. ಕೊಟ್ಟೆ. ಮಗ ಕೊಡಲು ಬಿಡಲಿಲ್ಲ, ಅತ್ತ. ಅವಳಿ ಅಪ್ಪ ಅವರ ಮಗಳು ಕೇಳಿದ ಹಾಗೇ ಕೇಳಿದ, "ವಾಪಸ್ ಕೊಡ್ತಾರಾ?" ಶುಕ್ರವಾರ ಅಂತ ಹೇಳಿ, ಕ್ಯಾಲೆಂಡರ್‌ನಲ್ಲಿ ಅವನ ಕೈಯಲ್ಲೇ ಸುತ್ತು ಹಾಕಿಸಿದ್ದೇನೆ.

ಅಂಗನವಾಡಿ ಟೀಚರ್

ಸೆರಗು ಹಿಡಿದು ಕೂತ ಅಂತ ಓದಿ ಹೊಟ್ಟೆ ತಣ್ಣಗಾಯಿತು ರೀ. ಆ ಆಯಾಗೆ ನನ್ನ ನಮಸ್ಕಾರ ಹೇಳಿ. ನಾನೂ ಜೂನ್‌ಗೆ ಮೊದಲು ನಮ್ಮ ಕೇಂದ್ರದ್ದೇ ಒಂದು ಮಾಡುತ್ತೇನೆ. ಬಾಗಿಲು, ಚಪ್ಪಲಿ ಬಿಡುವ ಜಾಗ, ತಟ್ಟೆ, ಮಧ್ಯಾಹ್ನ ಅವ್ವ ಬರುವ ದಾರಿ.

ಹಳ್ಳಿ ಗ್ರಂಥಾಲಯ

ಟೀಚರ್, ಒಂದು ಪ್ರತಿ ನನಗೂ ಕಳಿಸಿ. ದಾರಕ್ಕೆ ಹಾಕುತ್ತೇನೆ.

ಹಾಸನದ ಹುಡುಗಿ

ಗೆರೆ ಬಣ್ಣ ಅವರೇ, ಕಟಿಂಗ್ ಶಾಪ್ ಪುಸ್ತಕಕ್ಕೆ ಮೆಷಿನ್ ಮೊದಲ ಪುಟದಲ್ಲಿ ಇರಬೇಕಾ, ಬೇಡವಾ?

ಗೆರೆ ಬಣ್ಣ

ಬೇಡ. ಮೊದಲು ಕುರ್ಚಿ, ಆಮೇಲೆ ಕುತ್ತಿಗೆಗೆ ಸುತ್ತುವ ಬಟ್ಟೆ, ಆಮೇಲೆ ಕನ್ನಡಿಯಲ್ಲಿ ಅವಳ ಮುಖ. ಮೆಷಿನ್ ಆರನೇ ಪುಟಕ್ಕೆ ಬರಲಿ, ಆಫ್ ಆಗಿ, ಮೇಜಿನ ಮೇಲೆ ಮಲಗಿರಲಿ.